ಕೈಗೆ ಒಲಿದ ಕಾಲು ಪಂಪು

ನಾನು ಒಂದು ಗಾಳಿ ಪಂಪು. ಗಾಡಿಯ ಚಕ್ರಕ್ಕೆ ಗಾಳಿ ತುಂಬುವ, ಕಾಲಿನಿಂದ ತುಳಿಯುವ ಪಂಪು. ನಾನು ಹುಟ್ಟಿದ್ದೇ ತುಳಿಸಿಕೊಳ್ಳಲು ಎಂದು ನೀವು ಅನ್ನಬಹುದು. ಅನ್ನಿ, ಬೇಡವೆನ್ನುವುದಿಲ್ಲ. ಆದರೆ ನನ್ನ ಕಥೆ ಪೂರ್ತಿ ಕೇಳಿ, ಆಮೇಲೆ ಅನ್ನಿ.

ದೂರದ ಲುಧಿಯಾನದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಜನ್ಮವಾಯಿತು. ಉಕ್ಕಿನ ಪಟ್ಟಿ ಬಗ್ಗಿಸಿ ನನಗೆ ಮೈ ಮಾಡಿದರು. ಒಳಗೆ ತೊಗಲಿನ ವಾಷರ್ ಇಟ್ಟು ಎಣ್ಣೆ ಕುಡಿಸಿದರು. ಮೇಲೆ ಒಂದು ಪೆಡಲ್, ಅದನ್ನು ಎತ್ತಿ ಹಿಡಿಯಲು ಬಿಗಿಯಾದ ಸ್ಪ್ರಿಂಗ್, ಗಾಳಿ ಎಷ್ಟಿದೆ ಎಂದು ತೋರಿಸುವ ಗಾಜಿನ ಕಣ್ಣಿನೊಳಗೊಂದು ಮುಳ್ಳು. ಕೊನೆಗೆ ಪೈಪು. ನನ್ನ ಪೈಪನ್ನು ಕತ್ತರಿಸುವ ಹೊತ್ತಿಗೆ ಸರಿಯಾಗಿ ಊಟದ ಗಂಟೆ ಹೊಡೆಯಿತು. ಕತ್ತರಿಸುವವನ ಕೈ ಜಾರಿ ನನ್ನ ಪಾಲಿಗೆ ಮೊಳದುದ್ದ ಹೆಚ್ಚು ಪೈಪು ಬಂತು. ಹೊರಗೆ ಹೋಗುವ ಮುನ್ನ ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಿದ್ದ ಒಬ್ಬ ಹೆಂಗಸು ನನ್ನನ್ನು ಎತ್ತಿ ನೋಡಿದಳು. ಅಳತೆ ತಪ್ಪಿದ ಸರಕನ್ನು ಪಕ್ಕದ ಡಬ್ಬಿಗೆ ಎಸೆಯಬೇಕು ಎಂಬುದು ಅಲ್ಲಿಯ ನಿಯಮ. ಆಕೆ ಒಂದು ಕ್ಷಣ ಯೋಚಿಸಿ, ಪೈಪನ್ನು ನೀಟಾಗಿ ಸುತ್ತಿ, ಬೆನ್ನು ತಟ್ಟಿ, ಒಳ್ಳೆಯ ಸರಕಿನ ಸಾಲಿನಲ್ಲೇ ಕೂರಿಸಿದಳು. ಉದ್ದವಿದ್ದರೆ ಯಾರಿಗೆ ನಷ್ಟ ಎಂದುಕೊಂಡಿರಬೇಕು. ಆಕೆಯ ಹೆಸರು ನನಗೆ ಗೊತ್ತಿಲ್ಲ. ಆದರೆ ಆ ತಟ್ಟಿದ ಕೈಯನ್ನು ಮರೆತಿಲ್ಲ.

ಲಾರಿ ಹತ್ತಿ, ರೈಲು ಹತ್ತಿ, ಕಡೆಗೆ ಗದಗಿಗೆ ಬಂದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನದಾಫ ಅವರ ಅಂಗಡಿ. ಸೈಕಲ್ಲು, ಸ್ಕೂಟರುಗಳ ಬಿಡಿ ಸಾಮಾನು ಅಲ್ಲಿ ಸಿಗುತ್ತಿತ್ತು. ನನ್ನ ಒಂದು ಪಕ್ಕಕ್ಕೆ ನಿಂತು ಒತ್ತುವ ಕೈ ಪಂಪು. ಉದ್ದನೆಯ ಆಸಾಮಿ, ಯಾವಾಗಲೂ ಮೂಗು ಮೇಲೆ. ಇನ್ನೊಂದು ಪಕ್ಕಕ್ಕೆ ಬಣ್ಣದ ಡಬ್ಬಿಯಲ್ಲಿ ಕೂತ ಬ್ಯಾಟರಿ ಪಂಪು. ಗುಂಡಿ ಒತ್ತಿದರೆ ಸಾಕು, ತಾನೇ ಗುರ್ ಎಂದು ಗಾಳಿ ತುಂಬಿ ತಾನೇ ನಿಲ್ಲುತ್ತಿತ್ತು. ಬಂದವರೆಲ್ಲ ಮೊದಲು ನನ್ನನ್ನು ಒಮ್ಮೆ ತುಳಿದು ನೋಡಿ, ಆಮೇಲೆ ಅದನ್ನು ಕೊಂಡು ಹೋಗುತ್ತಿದ್ದರು. ಡಬ್ಬಿಗಳು ಬಂದವು, ಹೋದವು. ನಾನು ಕೂತೇ ಇದ್ದೆ. ಎರಡು ದೀಪಾವಳಿಗೆ ಅಂಗಡಿಗೆ ಬಣ್ಣ ಹೊಡೆದಾಗ ನನ್ನ ಮೈಮೇಲೂ ಸುಣ್ಣದ ಹನಿ ಬಿತ್ತು. ಬೀಳಲಿ ಎಂದು ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೆ ಸೋತೆ ಎಂದಲ್ಲ. ನನ್ನ ಸ್ಪ್ರಿಂಗ್ ಬಿಗಿಯಾಗಿಯೇ ಇತ್ತು.

ಒಂದು ದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಸ್ಕೂಟರು ಬಂದು ನಿಂತಿತು. ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಸಣ್ಣ ಚಕ್ರ ಜೋಡಿಸಿದ ಸ್ಕೂಟರು. ಒಟ್ಟು ನಾಲ್ಕು ಚಕ್ರ. ಅದರ ಮೇಲೆ ಹಸಿರು ಇಳಕಲ್ ಸೀರೆಯ ಒಬ್ಬ ಹೆಂಗಸು. ಸೀಟಿನ ಪಕ್ಕದಲ್ಲಿ ಎರಡು ಊರುಗೋಲು. ಹಿಂದೆಯೇ ಬೈಕಿನಲ್ಲಿ ದಪ್ಪ ಮೀಸೆಯ ಒಬ್ಬ ಗಂಡಸು ಬಂದಿಳಿದರು. ಆಕೆ ನೀಲಗಂಗಾ ಕುಂಬಾರ, ಸರ್ಕಾರಿ ಕಚೇರಿಯ ಗುಮಾಸ್ತೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲುಗಳ ಬಲ ಹೋಗಿತ್ತು. ಆತ ಅವರ ಅಣ್ಣ ಗುರುಲಿಂಗಪ್ಪ. ಮಡಕೆ, ಕುಂಡ, ನೀರಿನ ಹೂಜಿಗಳನ್ನು ಟೆಂಪೋದಲ್ಲಿ ತುಂಬಿ ಊರೂರಿನ ಸಂತೆಗೆ ಒಯ್ಯುವ ವ್ಯಾಪಾರಿ.

ನದಾಫ ಅವರು ಆಕೆಗೆ "ಮ್ಯಾಲೆ ಬರ್ರಿ" ಎನ್ನಲಿಲ್ಲ. ಅಂಗಡಿಯ ಮೆಟ್ಟಿಲು ಎತ್ತರದ್ದು. ತಾವೇ ಒಂದು ಗಿಡ್ಡ ಸ್ಟೂಲು ಹೊರಗೆ ತಂದಿಟ್ಟರು. ಎಲ್ಲ ಗಿರಾಕಿಗೂ ಹೀಗೇ ಮಾಡುತ್ತೇನೆ ಎಂಬಂತೆ. ನೀಲಗಂಗಾ ಸ್ಟೂಲಿಗೆ ಇಳಿದು ಕೂತರು.

"ನೋಡ್ರಿ, ನನಗ ಬಡ್ತಿ ಬಂದೈತಿ. ಸಿಂಧನೂರಿನ ಆಚೆ ಗೋನವಾಡದಾಗ ಹುಡುಗ್ಯಾರ ಹಾಸ್ಟೆಲ್ಲಿಗೆ ವಾರ್ಡನ್. ಈ ಸ್ಕೂಟರ್ ಬಾಡಿಗಿ ಗೂಡ್ಸ್ ಗಾಡಿಯೊಳಗ ಹಾಕ್ಕೊಂಡು ಹೋಗಬೇಕು. ದಾರಿಯೊಳಗ ಗಾಳಿ ಇಳದ್ರ ತುಂಬಾಕ ಒಂದು ಪಂಪು ಬೇಕು."

"ಬಡ್ತಿ ಬ್ಯಾಡ ಅಂತ ಬರದು ಕೊಡು ಅಂತ ನಾ ಬಡಕೊಳ್ಳಾಕತ್ತೇನಿ," ಎಂದರು ಗುರುಲಿಂಗಪ್ಪ, ನದಾಫ ಅವರ ಕಡೆ ತಿರುಗಿ. "ಅಲ್ಲಿ ಇಕಿಗೆ ಯಾರದಾರ? ನೀವರ ಬುದ್ಧಿ ಹೇಳ್ರಿ ಸಾಹೇಬ್ರ."

"ನಾ ಪಂಪ್ ಮಾರಾವ್ರಿ, ಬುದ್ಧಿ ಮಾರಾಂವ ಬಾಜೂ ಅಂಗಡ್ಯಾಗ ಅದಾನ," ಎಂದು ನದಾಫ ಅವರು ಬ್ಯಾಟರಿ ಪಂಪನ್ನು ಡಬ್ಬಿಯಿಂದ ತೆಗೆದರು. "ಅಕ್ಕಾರ, ಇದನ್ನ ತಗೋರಿ. ಕೈ ಕಾಲು ಏನೂ ಹಚ್ಚೂದ ಬ್ಯಾಡ."

"ಛಾರ್ಜ್ ಎಷ್ಟೊತ್ತು ಇರತೈತಿ?"

"ಎರಡು ಚಕ್ರ ಆರಾಮ ತುಂಬತೈತ್ರಿ."

"ನಂದು ನಾಲ್ಕು ಅದಾವು. ಮೂರನೇದಕ್ಕ ಏನ್ ಮಾಡ್ಲಿ?"

"ಹಂಗಾದ್ರ ಸ್ಕೂಟರಿನ ಬ್ಯಾಟರಿಗೇ ತಂತಿ ಹಚ್ಚೂದು ಒಂದೈತ್ರಿ."

"ಗೂಡ್ಸ್ ಗಾಡಿಗೆ ಏರಿಸೂ ಮುಂದ ಪೆಟ್ರೋಲ್ ಖಾಲಿ ಮಾಡಿ ಬ್ಯಾಟರಿ ತಂತಿ ಬಿಚ್ಚತಾರ. ಆಮ್ಯಾಲೆ ಅದಕ್ಕೂ ಊಟ ಇಲ್ಲ, ಇದಕ್ಕೂ ಊಟ ಇಲ್ಲ."

ನದಾಫ ಅವರು ನಕ್ಕರು. ಉದ್ದನೆಯ ಕೈ ಪಂಪನ್ನು ತಂದರು. ಅದರ ತಳದ ಪಟ್ಟಿಯನ್ನು ಎರಡೂ ಕಾಲಿನಿಂದ ಒತ್ತಿ ನಿಂತರಷ್ಟೇ ಅದು ಕೆಲಸ ಮಾಡುವುದು. ನೀಲಗಂಗಾ ತಲೆ ಅಲ್ಲಾಡಿಸಿ ನನ್ನತ್ತ ಬೆರಳು ತೋರಿದರು. "ಅದನ್ನ ತರ್ರಿ."

ಅಂಗಡಿಯಲ್ಲಿ ಟ್ಯೂಬು ಕೊಳ್ಳಲು ಬಂದಿದ್ದವನೊಬ್ಬ ಕಿಸಕ್ಕನೆ ನಕ್ಕ. "ಅಕ್ಕಾರ, ಅದು ಕಾಲೀಲೆ ತುಳಿಯೂ ಪಂಪ್ ಐತ್ರಿ."

ಗುರುಲಿಂಗಪ್ಪನವರ ಮುಖ ಕೆಂಪಾಯಿತು. ನದಾಫ ಅವರು ನೆಲ ನೋಡಿದರು. ನೀಲಗಂಗಾ ಮಾತ್ರ ನನ್ನನ್ನು ಸ್ಟೂಲಿನ ಮುಂದೆ ನೆಲದ ಮೇಲೆ ಇಡಿಸಿಕೊಂಡು, ಬಗ್ಗಿ, ಎರಡೂ ಅಂಗೈಗಳನ್ನು ಪೆಡಲಿನ ಮೇಲೆ ಇಟ್ಟರು.

"ಅದಕ್ಕೇನು ಗೊತ್ತು, ಕಾಲು ಯಾವುದು ಕೈ ಯಾವುದು ಅಂತ?"

ಹಾಗೆಂದವರೇ ಒತ್ತಿದರು. ಅಬ್ಬಾ! ಆ ಒತ್ತು ಇಂದಿಗೂ ನನಗೆ ನೆನಪಿದೆ. ಮೂವತ್ತು ವರ್ಷ ಊರುಗೋಲಿನ ಮೇಲೆ ಇಡೀ ಮೈಯನ್ನು ಹೊತ್ತ ತೋಳುಗಳವು. ನನ್ನನ್ನು ಅದುವರೆಗೆ ತುಳಿದ ಯಾವ ಕಾಲಿಗೂ ಅಷ್ಟು ಬಲವಿರಲಿಲ್ಲ. ಮುಳ್ಳು ಸರ್ರನೆ ಏರಿತು. ನಕ್ಕವನು ತನ್ನ ಟ್ಯೂಬು ಹಿಡಿದು ನಡೆದ.

"ಪೈಪು ಉದ್ದ ಐತಿ," ಎಂದರು ಆಕೆ, ತೋಳು ಚಾಚಿ ಅಳೆದು. "ಗಾಡಿ ಮ್ಯಾಲಿದ್ರೂ ಮುಟ್ಟತೈತಿ. ಇದ ಇರ್ಲಿ."

ಅಳತೆ ತಪ್ಪಿದ ಆ ಪೈಪು! ಲುಧಿಯಾನದ ಆ ಹೆಂಗಸಿಗೆ ಹೇಳಿ ಕಳಿಸಬೇಕೆನ್ನಿಸಿತು.

ಅಂದು ಸಂಜೆ ಕುಂಬಾರರ ಮನೆಯ ಅಂಗಳದಲ್ಲಿ, ಒಣಗಲು ಇಟ್ಟ ಹೂಜಿಗಳ ನಡುವೆ, ಅಣ್ಣ ತಂಗಿಗೆ ಮಾತಿಗೆ ಮಾತು ಬೆಳೆಯಿತು. ನಾನು ಸ್ಕೂಟರಿನ ಕೊಕ್ಕೆಗೆ ನೇತಾಡುತ್ತಿದ್ದ ಚೀಲದೊಳಗಿಂದ ಎಲ್ಲ ಕೇಳಿಸಿಕೊಂಡೆ. ಕೊನೆಗೆ ಗುರುಲಿಂಗಪ್ಪ ಒಂದು ಕರಾರು ಹಾಕಿದರು.

"ನಾನ ಬಂದು ಬಿಟ್ಟು ಬರ್ತೀನಿ. ಮರುದಿನ ಮುಂಜಾನೆ ನೀ ಒಬ್ಬಾಕೀನ, ಯಾರ ಕೈ ಹಿಡೀಲಾರದ, ಗಾಡಿ ಹತ್ತಿ ಕೆಲಸಕ್ಕ ಹಾಜರಾಗಬೇಕು. ಆದಿ ಅಂದ್ರ ನಾ ಸುಮ್ಮನ ಊರಿಗೆ ಬರ್ತೀನಿ. ಆಗ್ಲಿಲ್ಲ ಅಂದ್ರ, ಅದ ಗಾಡಿಯೊಳಗ ನಿನ್ನ ಸ್ಕೂಟರೂ ವಾಪಸ್, ನೀನೂ ವಾಪಸ್. ಒಪ್ಪಿಗೀನೋ?"

"ಒಪ್ಪಿಗಿ," ಎಂದರು ನೀಲಗಂಗಾ. "ನೀ ಮಾತ್ರ ನಡುವ ಬಂದು ಕೈ ಹಚ್ಚಬಾರದು."

"ನಾ ಯಾಕ ಹಚ್ಚಲಿ?"

ಹೊರಡುವ ದಿನ ಸಣ್ಣ ಲಾರಿಯಂಥ ಗೂಡ್ಸ್ ಗಾಡಿ ಮನೆ ಬಾಗಿಲಿಗೆ ಬಂತು. ಸ್ಕೂಟರನ್ನು ಏರಿಸಿ, ನಾಲ್ಕೂ ಕಡೆ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿದ್ದು ಗುರುಲಿಂಗಪ್ಪನವರೇ. ಸುತ್ತ ಹುಲ್ಲು ತುಂಬಿದರು, ಹೂಜಿಗೆ ತುಂಬುವಂತೆ. ಕನ್ನಡಿಗೆ ಹಳೆಯ ಪಂಚೆ ಸುತ್ತಿದರು. ಬಡ್ತಿ ಬೇಡವೆಂದು ಜಗಳವಾಡಿದ ಮನುಷ್ಯ ಇವರೇನಾ ಎಂದು ನನಗೆ ಸೋಜಿಗ. ಕಡೆಗೆ, ತಂಗಿ ಒಳಗೆ ದೇವರಿಗೆ ಕೈಮುಗಿಯಲು ಹೋದಾಗ, ಅವರು ಚಕ್ರಗಳ ಬಳಿ ಕೂತು ಒಂದೊಂದರ ಮುಚ್ಚಳ ಬಿಚ್ಚಿ, ಗಾಳಿಯನ್ನು ಸುಯ್ಯೆಂದು ಅರ್ಧ ಹೊರಗೆ ಬಿಟ್ಟರು.

ನಾನು ಚೀಲದೊಳಗೆ ಒದ್ದಾಡಿದೆ. ಅಯ್ಯೋ, ಬೇಡ! ಆದರೆ ಬಾಯಿ ಇರುವುದು ಗಾಳಿಗೆ, ಮಾತಿಗಲ್ಲ.

ಕೇಡಿಗಾಗಿ ಮಾಡಿದ್ದಲ್ಲ ಅದು. ಮಡಕೆ ಸಾಗಿಸುವವರ ಮನೆತನದ ಪದ್ಧತಿ. ಟೆಂಪೋ ತುಂಬಿದ ಮೇಲೆ ಅದರ ಚಕ್ರದ ಗಾಳಿಯನ್ನು ಸ್ವಲ್ಪ ಇಳಿಸುತ್ತಾರೆ. ಗಾಡಿ ಮೆತ್ತಗಾಗುತ್ತದೆ, ಕುಣಿಯುವುದಿಲ್ಲ, ಮಡಕೆ ಒಡೆಯುವುದಿಲ್ಲ. ಅವರ ತಂದೆಯೂ ಎತ್ತಿನ ಗಾಡಿಗೆ ರಬ್ಬರ್ ಚಕ್ರ ಬಂದ ಕಾಲದಲ್ಲಿ ಹಾಗೇ ಮಾಡುತ್ತಿದ್ದರಂತೆ. ತಂಗಿಯ ಸ್ಕೂಟರಿಗೆ ಏಟು ತಗುಲದಿರಲಿ ಎಂದು ಅವರು ಅದನ್ನೂ ಒಂದು ಹೂಜಿಯೆಂದೇ ಬಗೆದರು. ಆದರೆ ಸ್ಕೂಟರು ಇಲ್ಲಿ ಹೊರುವ ಗಾಡಿಯಲ್ಲ, ಹೊರಿಸಿಕೊಂಡ ಸಾಮಾನು. ಚಕ್ರ ಗಟ್ಟಿಯಾಗಿದ್ದಾಗ ಬಿಗಿದ ಹಗ್ಗ, ಚಕ್ರ ಕುಗ್ಗಿದರೆ ಸಡಿಲವಾಗುತ್ತದೆ. ಅದನ್ನು ಹೇಳಲು ನನಗೆ ನಾಲಿಗೆಯಿಲ್ಲ.

ಕೊಪ್ಪಳ ದಾಟುವವರೆಗೆ ಏನೂ ಆಗಲಿಲ್ಲ. ಗಂಗಾವತಿ ದಾಟಿ, ಕಾಲುವೆಯ ಬದಿಯ ಭತ್ತದ ಗದ್ದೆಗಳು ಕಾಣುವ ಹೊತ್ತಿಗೆ ರಸ್ತೆಯಲ್ಲಿ ಗುಂಡಿಗಳು ಶುರುವಾದವು. ಪ್ರತಿ ಗುಂಡಿಗೂ ಹಗ್ಗ ಒಂದಿಷ್ಟು ಸಡಿಲ. ಸ್ಕೂಟರು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು. ಒಂದು ದೊಡ್ಡ ಗುಂಡಿಗೆ ಇಡೀ ಸ್ಕೂಟರು ಜಾರಿ, ಬಲಬದಿಯ ಸಣ್ಣ ಚಕ್ರ ಗಾಡಿಯ ತಗಡಿಗೆ ಢಣಾರನೆ ಬಡಿಯಿತು. ನಾನು ಚೀಲಸಮೇತ ಹುಲ್ಲಿನೊಳಗೆ ಬಿದ್ದೆ.

ಡ್ರೈವರ್ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಎಲ್ಲರೂ ಇಳಿದು ನೋಡಿದರು. ನಾಲ್ಕೂ ಚಕ್ರ ಹಪ್ಪಳವಾಗಿದ್ದವು.

"ನಾಲ್ಕೂ ಒಮ್ಮೆಲೆ ಪಂಕ್ಚರ್ ಆಗತಾವೇನ್ರಿ ಎಲ್ಲೆರ?" ಎಂದ ಡ್ರೈವರ್.

"ಪಂಕ್ಚರ್ ಅಲ್ಲ," ಎಂದು ಗುರುಲಿಂಗಪ್ಪ ಗೊಣಗಿದರು. "ನಾನ ಬಿಟ್ಟೇನಿ. ಕುಣೀಬಾರದು ಅಂತ."

ನೀಲಗಂಗಾ ಅಣ್ಣನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ. ಅವರು ಹುಲ್ಲಿನ ಕಡೆ ನೋಡಿದರು, ಕನ್ನಡಿಗೆ ಸುತ್ತಿದ್ದ ಪಂಚೆಯ ಕಡೆ ನೋಡಿದರು. ಆಮೇಲೆ ಇಷ್ಟೇ ಹೇಳಿದರು: "ಹೂಜಿ ಆಗಿದ್ರ ಒಂದೂ ಒಡೀತಿರಲಿಲ್ಲ ಬಿಡಣ್ಣ."

ಪಕ್ಕದ ಪಂಕ್ಚರ್ ಅಂಗಡಿಗೆ ಬೀಗ. ಅಂಗಡಿಯವ ಮದುವೆಗೆ ಹೋಗಿದ್ದನಂತೆ. ಗುರುಲಿಂಗಪ್ಪ ನನ್ನನ್ನು ಹುಲ್ಲಿನಿಂದ ಎಳೆದು, ಗಾಡಿಯ ಮೇಲೆ ಇಟ್ಟು, ತಪ್ಪು ತೊಳೆದುಕೊಳ್ಳುವ ಆತುರದಲ್ಲಿ ಧೊಪ್ಪನೆ ತುಳಿದರು. ಕೆಳಗೆ ಹುಲ್ಲಿತ್ತು. ನಾನು ಮಗುಚಿದೆ. ಅವರ ಚಪ್ಪಲಿ ಜಾರಿ, ಆ ಭಾರವೆಲ್ಲ ನನ್ನ ಪೈಪಿನ ಮೂತಿಯ ಮೇಲೆ ಬಿತ್ತು. ಚಕ್ರದ ವಾಲ್ವನ್ನು ಕಚ್ಚಿ ಹಿಡಿಯುವ ನನ್ನ ಸಣ್ಣ ಹಿಡಿಕೆ ಟಕ್ಕೆಂದು ಬಿರುಕು ಬಿಟ್ಟಿತು. ಅವರು ಗಮನಿಸಲಿಲ್ಲ. ಗಮನಿಸುವಂತೆ ನಾನು ಕೂಗಲೂ ಇಲ್ಲ.

"ಸರಿ ಅತ್ಲಾಗ," ಎಂದರು ನೀಲಗಂಗಾ.

"ನಿಲ್ಲು, ಎತ್ತಿ ಕುಂದ್ರಸ್ತೀನಿ."

"ಎತ್ತಬ್ಯಾಡ. ನಾ ಏನು ನಿನ್ನ ಕುಂಡ ಅಲ್ಲ."

ಗಾಡಿಯ ಹಿಂದಿನ ಹಲಗೆಯನ್ನು ಕೆಳಗಿಳಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಊರುಗೋಲುಗಳನ್ನು ಒರಗಿಸಿ, ಎರಡೂ ಕೈ ಹಿಂದಕ್ಕೆ ಊರಿ, ಒಂದೇ ಒತ್ತಿಗೆ ಮೈಯನ್ನು ಮೇಲೆತ್ತಿ ಅವರು ಹಲಗೆಯ ಮೇಲೆ ಕೂತರು. ಹಾಗೇ ಕೈಯ ಮೇಲೆ ಜರುಗುತ್ತಾ ಸ್ಕೂಟರಿನ ಬಳಿ ಬಂದರು. ಹುಲ್ಲು ಸರಿಸಿ ನನ್ನನ್ನು ಬರೀ ಹಲಗೆಯ ಮೇಲೆ ನೆಟ್ಟಗೆ ಕೂರಿಸಿ, ಸೆರಗು ಸಿಕ್ಕಿಸಿ, ಒತ್ತತೊಡಗಿದರು. ಚುಸ್, ಚುಸ್, ಚುಸ್. ನನ್ನ ಉದ್ದ ಪೈಪು ಮುಂದಿನ ಚಕ್ರವನ್ನೂ ಮುಟ್ಟಿತು. ಒಂದು ಕಡೆ ಕೂತು ನಾಲ್ಕಕ್ಕೂ ಉಸಿರು ಕೊಟ್ಟೆವು. ಬಿರುಕು ಬಿಟ್ಟ ಹಿಡಿಕೆ ಹೇಗೋ ಹಲ್ಲು ಕಚ್ಚಿ ಹಿಡಿದಿತ್ತು.

ಚಹಾದಂಗಡಿಯ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಯವ್ವಾ, ಆ ಹೆಣ್ಮಗಳ ಕಡೆ ಮಾಡಸ್ತಾರ ನೋಡು! ಎರಡು ಮೀಸಿ ನಿಂತಾವು, ಒಂದಕ್ಕರ ಕೈ ಬ್ಯಾಡೇನು?"

"ಮೀಸಿ ಆಗಲೇ ಮಾಡಿ ನೋಡೇತಿ ಅಜ್ಜಿ," ಎಂದರು ನೀಲಗಂಗಾ ಒತ್ತುತ್ತಲೇ. "ಜಾರಿ ಬಿತ್ತು."

ಡ್ರೈವರ್ ಬಿದ್ದು ಬಿದ್ದು ನಕ್ಕ. ಗುರುಲಿಂಗಪ್ಪನೂ ಮೀಸೆಯೊಳಗೆ ನಕ್ಕರು. ಮುದುಕಿ ಎಲ್ಲರಿಗೂ ಚಹಾ ಕೊಟ್ಟಳು. ನೀಲಗಂಗಾಗೆ ಮಾತ್ರ ಹಿತ್ತಾಳೆ ಲೋಟದಲ್ಲಿ, ತನ್ನ ಮನೆಯ ಲೋಟದಲ್ಲಿ ಕೊಟ್ಟಳು. ಆಮೇಲೆ ಹಗ್ಗ ಮತ್ತೆ ಬಿಗಿಯಾಯಿತು. ಸ್ಕೂಟರು ಗೋನವಾಡದವರೆಗೆ ಅಲ್ಲಾಡಲಿಲ್ಲ.

ಆದರೆ ನಿಜವಾದ ಪರೀಕ್ಷೆ ಮರುದಿನವಿತ್ತು.

ಹಾಸ್ಟೆಲ್ಲಿನ ಹತ್ತಿರ ಇಳಿಯಲು ಜಾಗವಿರಲಿಲ್ಲ. ಊರ ಇನ್ನೊಂದು ತುದಿಯ ಒಂದು ಖೋಲಿಯಲ್ಲಿ ಅಣ್ಣ ತಂಗಿ ತಂಗಿದರು. ಬೆಳಿಗ್ಗೆ ಪೆಟ್ರೋಲು ಹಾಕಿದರು, ತಂತಿ ಜೋಡಿಸಿದರು. ನೀಲಗಂಗಾ ಗಂಜಿ ಹಾಕಿದ ಹತ್ತಿ ಸೀರೆಯುಟ್ಟು ಹೊರಬಂದರು. ಬಂದವರು ನಿಂತರು. ಬಲಬದಿಯ ಸಣ್ಣ ಚಕ್ರ ಮತ್ತೆ ಕುಗ್ಗಿತ್ತು. ನಿನ್ನೆ ತಗಡಿಗೆ ಬಡಿದಾಗ ಅದರ ವಾಲ್ವು ಸ್ವಲ್ಪ ಬಾಗಿ, ಮೆಲ್ಲಗೆ ಗಾಳಿ ಸೋರಿತ್ತು. ಬದಿಯ ಚಕ್ರ ಕುಗ್ಗಿದರೆ ಆ ಸ್ಕೂಟರು ತಿರುವಿನಲ್ಲಿ ಮಗುಚುತ್ತದೆ.

ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದರು. ನೋಡಿದರು. ಗೂಡ್ಸ್ ಗಾಡಿ ಎದುರಿಗೇ ನಿಂತಿತ್ತು. ಡ್ರೈವರ್ ಹಗ್ಗ ಸುತ್ತುತ್ತಿದ್ದ.

ನೀಲಗಂಗಾ ನೆಲದ ಮೇಲೆ ಗೋಣಿಚೀಲ ಹಾಸಿ ಕೂತು ನನ್ನನ್ನು ಎದುರಿಗಿಟ್ಟುಕೊಂಡರು. ಮೂತಿಯನ್ನು ವಾಲ್ವಿಗೆ ಸಿಕ್ಕಿಸಿ ಹಿಡಿಕೆ ಒತ್ತಿದರು. ಹಿಡಿಕೆ ಮುರಿದು ಅವರ ಕೈಗೇ ಬಂತು.

ನನ್ನ ಜೀವನದಲ್ಲಿ ನನಗೆ ನಾಚಿಕೆಯಾದದ್ದು ಅದೊಂದೇ ಸಲ. ಮೂತಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಪೆಡಲ್ ಒತ್ತಿದರು. ಒಂದೇ ಕೈಗೆ ನನ್ನ ಸ್ಪ್ರಿಂಗ್ ಬಗ್ಗಲಿಲ್ಲ. ಎರಡೂ ಕೈಯಲ್ಲಿ ಪೆಡಲ್ ಒತ್ತಿದರೆ ಮೂತಿ ಕಳಚಿ, ತುಂಬಿದ ಗಾಳಿಯೆಲ್ಲ ಫುಸ್ ಎಂದು ಹೊರಗೆ. ಮೊಣಕಾಲಿನಿಂದ ಮೂತಿಯನ್ನು ಒತ್ತಿ ಹಿಡಿಯಲು ನೋಡಿದರು. ಆ ಮೊಣಕಾಲು ಹೇಳಿದ ಮಾತು ಕೇಳುವುದಲ್ಲ. ಸೀರೆಯ ಅಂಚಿನಿಂದ ಕಟ್ಟಿ ನೋಡಿದರು. ಬಿಚ್ಚಿಕೊಂಡಿತು. ಮತ್ತೆ ಕಟ್ಟಿದರು. ಮತ್ತೆ ಬಿಚ್ಚಿತು. ಗಂಜಿಯ ಸೀರೆಗೆ ಮಣ್ಣಾಯಿತು. ಹಣೆಯ ಮೇಲೆ ಬೆವರು. ಆದರೆ ಅವರು ಅಣ್ಣನ ಕಡೆ ತಿರುಗಿ ನೋಡಲಿಲ್ಲ. ಒಮ್ಮೆಯೂ ನೋಡಲಿಲ್ಲ.

ನಾನೂ ಬಿಡಲಿಲ್ಲ. ಉಕ್ಕಿಗೆ ಪ್ರಾರ್ಥನೆ ಬರುವುದಿಲ್ಲ. ಬಂದಿದ್ದರೆ ಅಂದು ಮಾಡುತ್ತಿದ್ದೆ.

ಆಗ ನನ್ನ ಮೂತಿಯ ಮೇಲೆ ಒಂದು ನೆರಳು ಬಿತ್ತು. ಮಣ್ಣು ಕಲಸಿ ಕಲಸಿ ಒರಟಾದ ಎರಡು ದಪ್ಪ ಬೆರಳುಗಳು ಬಂದು ಮೂತಿಯನ್ನು ವಾಲ್ವಿಗೆ ಒತ್ತಿ ಹಿಡಿದವು. ಗುರುಲಿಂಗಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ತಂಗಿಯ ಮುಖ ನೋಡದೆ, ಚಕ್ರವನ್ನೇ ನೋಡುತ್ತಾ.

"ಕೈ ಹಚ್ಚಬಾರದು ಅಂತ ಕರಾರ ಇತ್ತಲ್ಲಣ್ಣ," ಎಂದರು ನೀಲಗಂಗಾ.

"ನಾ ಏನ್ ಮಾಡೇನಿ? ಬರೇ ಹಿಡಕೊಂಡೇನಿ. ನೀ ಒತ್ತು."

ಒತ್ತಿದರು. ಆಹಾ, ಏನು ಒತ್ತು! ನನ್ನ ತೊಗಲು, ನನ್ನ ಉಕ್ಕು, ನನ್ನ ಎಣ್ಣೆ ಎಲ್ಲವೂ ಒಂದಾಗಿ ಉಸಿರು ಬಿಟ್ಟವು. ಮುಳ್ಳು ಏರಿತು, ಚಕ್ರ ಎದೆಯುಬ್ಬಿಸಿತು. ನೀಲಗಂಗಾ ಸೀರೆಯ ಮಣ್ಣು ಕೊಡವಿ, ಸ್ಕೂಟರು ಹತ್ತಿ, ಒಬ್ಬರೇ ಹೊರಟರು. ತಿರುವಿನಲ್ಲಿ ಮರೆಯಾಗುವವರೆಗೆ ಗುರುಲಿಂಗಪ್ಪ ನಿಂತು ನೋಡಿದರು.

"ಹಂಗಾದ್ರ ಸ್ಕೂಟರ್ ವಾಪಸ್ ಹಾಕ್ಕೊಂಡು ಹೋಗೂದಿಲ್ರೀ?" ಎಂದ ಡ್ರೈವರ್.

"ಕಣ್ಣು ಕಾಣೂದಿಲ್ಲೇನಲೇ ನಿನಗ? ಅದು ಹೋತು."

ಹೊರಡುವ ಮುನ್ನ ಅವರು ತಾಮ್ರದ ತಂತಿ ಹುಡುಕಿ ತಂದು, ಹೂಜಿಯ ಕಂಠಕ್ಕೆ ಹಗ್ಗ ಸುತ್ತುವ ನಾಜೂಕಿನಲ್ಲಿ ನನ್ನ ಮುರಿದ ಹಿಡಿಕೆಯನ್ನು ಸುತ್ತಿ ಕಟ್ಟಿದರು. ಆ ತಂತಿ ಇವತ್ತಿಗೂ ನನ್ನ ಕೊರಳಲ್ಲಿದೆ.

ಅಲ್ಲಿಂದ ನನ್ನ ಹಾಸ್ಟೆಲ್ ಜೀವನ. ಬಾವಿಕಟ್ಟೆಯ ಪಕ್ಕದ ಮೂಲೆ ನನ್ನ ಜಾಗ. ಶಾಲೆ ಎರಡು ಮೈಲಿ ದೂರ, ಹುಡುಗಿಯರಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳಿದ್ದವು. ಮೊದಲು ಅವರು ಗಾಳಿ ಹಾಕಿಸಲು ಊರೊಳಗಿನ ಅಂಗಡಿಗೆ ಹೋಗಬೇಕಿತ್ತು. ಅಲ್ಲಿ ಕೂತ ಪಡ್ಡೆಗಳು ಹಾಡು ಹೇಳುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಅದಕ್ಕೆ ಹೆದರಿ ಕೆಲವರು ಗಾಳಿಯಿಲ್ಲದ ಸೈಕಲ್ಲನ್ನು ತಳ್ಳಿಕೊಂಡೇ ಶಾಲೆಗೆ ಹೋಗುತ್ತಿದ್ದರು. ವಾರ್ಡನ್ ಅಕ್ಕ ಮೊದಲ ವಾರವೇ ಸೈಕಲ್ಲಿಗೆ ಹೊಂದುವ ಸಣ್ಣ ಮೂತಿಯನ್ನು ತರಿಸಿ ನನಗೆ ಜೋಡಿಸಿದರು.

"ಇನ್ನ ಯಾರೂ ಆ ಅಂಗಡಿಗೆ ಹೋಗೂದು ಬ್ಯಾಡ. ಬರ್ರಿ, ಒತ್ತೂದು ಕಲಸ್ತೀನಿ."

ಅವರು ಕಲಿಸಿದ್ದು ತಮಗೆ ಬರುವ ರೀತಿಯಲ್ಲೇ, ನೆಲದ ಮೇಲೆ ಕೂತು ಕೈಯಿಂದ. ಗಟ್ಟಿಮುಟ್ಟಾದ ಕಾಲಿರುವ ಹುಡುಗಿಯರೂ ಹಾಗೇ ಕಲಿತರು. ಹೊಸದಾಗಿ ಬಂದವಳು ಯಾರಾದರೂ ನನ್ನ ಮೇಲೆ ಕಾಲಿಟ್ಟರೆ ಉಳಿದವರು ಬೈಯುತ್ತಿದ್ದರು: "ಏ, ತುಳೀಬ್ಯಾಡ! ಅದನ್ನ ಕೈಲೆ ಒತ್ತಬೇಕು." ಕಾಲಿನಿಂದಲೂ ಒತ್ತಬಹುದು ಎಂಬುದೇ ಆ ಹಾಸ್ಟೆಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿ, ನನ್ನ ಜಾತಿಯ ಬೇರೆ ಯಾವ ಪಂಪಿಗೆ ಇಂಥ ಮರ್ಯಾದೆ ಸಿಕ್ಕೀತು?

ಹಣಮವ್ವ ಎಂಬ ಒಬ್ಬ ಹುಡುಗಿ ಮಾತ್ರ ಪ್ರತಿ ಶನಿವಾರ ನನಗೆ ಎಣ್ಣೆ ಹಾಕುತ್ತಿದ್ದಳು. ತಲೆಗೆ ಹಚ್ಚಿಕೊಳ್ಳಲು ಮನೆಯಿಂದ ತಂದ ಕೊಬ್ಬರಿ ಎಣ್ಣೆಯಲ್ಲೇ ಎರಡು ಹನಿ. ನನಗೆ ಬೇಕಾದ ಎಣ್ಣೆ ಅದಲ್ಲ, ನಿಜ. ಆದರೂ ಕುಡಿದೆ.

ವರ್ಷಗಳು ಉರುಳಿದವು. ತೊಗಲಿನ ವಾಷರ್ ಸವೆಯಿತು, ಬದಲಾಯಿತು, ಮತ್ತೆ ಸವೆಯಿತು. ಗಾಜಿನ ಕಣ್ಣಿಗೆ ಪೊರೆ ಬಂತು. ಹಣಮವ್ವ ಓದಿ ನರ್ಸಾದಳು. ಮೊದಲ ಸಂಬಳದಲ್ಲಿ ವಾರ್ಡನ್ ಅಕ್ಕನಿಗೆ ಒಂದು ಬ್ಯಾಟರಿ ಪಂಪು ಕಳಿಸಿದಳು. ಬಣ್ಣದ ಡಬ್ಬಿ ಬಿಚ್ಚಿದಾಗ ನನ್ನ ಹಳೆಯ ನೆರೆಯವನೇ ಬಂದನೇನೋ ಅನ್ನಿಸಿತು. ಒಳ್ಳೆಯ ಪಂಪು ಅದು, ಸುಳ್ಳು ಹೇಳಲಾರೆ. ಬೇಗ ತುಂಬುತ್ತದೆ, ಯಾರ ಕೈಯನ್ನೂ ನೋಯಿಸುವುದಿಲ್ಲ. ನೀಲಗಂಗಾ ಅವರ ತೋಳುಗಳಿಗೂ ವಯಸ್ಸಾಗಿತ್ತು. ನಾನು ಬಾವಿಕಟ್ಟೆಯಿಂದ ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಹಳೆ ಕಬ್ಬಿಣದವನು ಬಂದಾಗಲೆಲ್ಲ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದ.

"ಅದನ್ನ ಹಾಕ್ತೀರೇನ್ರಿ ಅಕ್ಕಾರ?"

"ನನ್ನನ್ನ ತೂಕಕ್ಕ ಹಾಕೂ ದಿನ ಅದನ್ನೂ ಹಾಕ್ತೀನಿ, ಹೋಗು," ಎನ್ನುತ್ತಿದ್ದರು ಅವರು.

ಅವರು ನಿವೃತ್ತರಾದ ದಿನ ಗುರುಲಿಂಗಪ್ಪ ಗದಗಿನಿಂದ ಗೂಡ್ಸ್ ಗಾಡಿ ತಂದರು. ಮೀಸೆ ಬೆಳ್ಳಗಾಗಿತ್ತು. ಮೊಣಕಾಲು ಸವೆದು ಕೈಯಲ್ಲೊಂದು ಕೋಲು ಬಂದಿತ್ತು. ಮನೆಯ ಮೇಲಿನ ಖೋಲಿ ಸುಣ್ಣ ಬಳಿಸಿ ಇಟ್ಟಿದ್ದೇನೆ, ನಡೆ ಎಂದರು.

"ಮ್ಯಾಲಿನ ಖೋಲಿ ನಾ ಹೆಂಗ ಹತ್ಲಿ ಅಣ್ಣಾ?" ಎಂದು ನೀಲಗಂಗಾ ನಕ್ಕರು. "ನನ್ನ ಮನಿ ಇಲ್ಲೇ ಐತಿ. ಕಾಲುವಿ ದಂಡಿಗೆ ಕಟ್ಟಿಸೇನಿ. ಮೆಟ್ಟಿಲ ಇಲ್ಲದ ಮನಿ. ಟ್ರಂಕು, ಹಾಸಿಗಿ ಅಷ್ಟ ಹಾಕ್ಕೋರಿ. ಸ್ಕೂಟರ್ ನಾ ಹೊಡಕೊಂಡು ಬರ್ತೀನಿ."

ಗುರುಲಿಂಗಪ್ಪನವರಿಗೆ ಕರಾರು ಹಾಕುವ ಕಾಲ ಕಳೆದಿತ್ತು. ಸ್ಕೂಟರಿನ ಸುತ್ತ ಒಂದು ಸುತ್ತು ಬಂದು, ಚಕ್ರಗಳನ್ನು ಹೆಬ್ಬೆರಳಿನಿಂದ ಅಮುಕಿ ನೋಡಿದರು. "ಬಾಜೂ ಚಕ್ರ ಮೆತ್ತಗಾಗೇತಿ ನೀಲಾ."

ಬ್ಯಾಟರಿ ಪಂಪು ಟ್ರಂಕಿನ ತಳದಲ್ಲಿ ಸೇರಿ ಹೋಗಿತ್ತು. ಟ್ರಂಕು ಗಾಡಿಯ ತಳದಲ್ಲಿತ್ತು. ಗುರುಲಿಂಗಪ್ಪ ತಾವೇ ಮೆಟ್ಟಿಲ ಕೆಳಗೆ ಬಗ್ಗಿ ನನ್ನನ್ನು ಎಳೆದರು. ಧೂಳು ಊದಿದರು. ಕೊರಳ ತಾಮ್ರದ ತಂತಿಯನ್ನು ಬೆರಳಿನಿಂದ ಸವರಿದರು. ತುಳಿಯಲು ಕಾಲೆತ್ತಿದರು. ಮೊಣಕಾಲು ಒಪ್ಪಲಿಲ್ಲ. ಆಗ ಕೋಲನ್ನು ಗೋಡೆಗೆ ಒರಗಿಸಿ, ನಿಧಾನಕ್ಕೆ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ನನ್ನ ಪೆಡಲಿನ ಮೇಲೆ ಇಟ್ಟರು.

ನನಗೆ ಆ ಕೈಗಳ ಪರಿಚಯವಿತ್ತು.

ಒತ್ತಿದರು. ಹಳೆಯ ತಂತಿ ಹಿಡಿಯಲಿಲ್ಲ, ಮೂತಿ ಕಳಚಿ ಫುಸ್ ಎಂದಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಫುಸ್. ನೀಲಗಂಗಾ ಊರುಗೋಲು ಬದಿಗಿಟ್ಟು, ಗೋಣಿಚೀಲದ ಮೇಲೆ ಎದುರಿಗೆ ಕೂತು, ಬೆರಳುಗಳಿಂದ ನನ್ನ ಮೂತಿಯನ್ನು ವಾಲ್ವಿಗೆ ಒತ್ತಿ ಹಿಡಿದರು.

ಅಣ್ಣ ತಲೆಯೆತ್ತಿ ನೋಡಿದರು.

"ನಾ ಏನ್ ಮಾಡೇನಿ?" ಎಂದರು ತಂಗಿ. "ಬರೇ ಹಿಡಕೊಂಡೇನಿ. ನೀ ಒತ್ತು."

ಈಗ ನಾನು ಕಾಲುವೆಯ ದಂಡೆಯ ಮನೆಯಲ್ಲಿ, ಬಾಗಿಲ ಪಕ್ಕದ ಗೂಡಿನಲ್ಲಿದ್ದೇನೆ. ಹತ್ತು ಸಲ ಒತ್ತಿದರೆ ನಾಲ್ಕು ಸಲದ ಗಾಳಿ ಬರುತ್ತದೆ. ಉಳಿದದ್ದು ನನ್ನ ಸವೆದ ತೊಗಲಿನ ಸಂದಿಯಲ್ಲಿ ಸೋರಿ ಹೋಗುತ್ತದೆ. ಬಣ್ಣದ ಡಬ್ಬಿಯವನು ಒಳಗೆ ಕಪಾಟಿನಲ್ಲಿ ಛಾರ್ಜ್ ತಿನ್ನುತ್ತಾ ಕೂತಿದ್ದಾನೆ. ತಿನ್ನಲಿ. ಹಳೆ ಕಬ್ಬಿಣದವನು ದಿನವೂ ಬಾಗಿಲ ಮುಂದೆ ಕೂಗುತ್ತಾ ಹೋಗುತ್ತಾನೆ. ಕೂಗಲಿ. ತುಳಿಸಿಕೊಳ್ಳಲು ಹುಟ್ಟಿದ್ದೇನೆ ಎಂದು ನೀವು ಈಗಲೂ ಅನ್ನುವುದಾದರೆ ಒಮ್ಮೆ ಗೋನವಾಡಕ್ಕೆ ಬನ್ನಿ. ಬಾಗಿಲು ತೆರೆದೇ ಇರುತ್ತದೆ, ಮೆಟ್ಟಿಲೂ ಇಲ್ಲ. ನನ್ನನ್ನು ನೆಲದ ಮೇಲಿಡಿ. ಮೊದಲು ಕೂತುಕೊಳ್ಳಿ. ಎದುರಿಗೆ ಮೂತಿ ಹಿಡಿಯಲು ಯಾರನ್ನಾದರೂ ಕರೆಯಿರಿ.

ಆಮೇಲೆ ಒತ್ತಿ ನೋಡಿ. ನನ್ನ ಸ್ಪ್ರಿಂಗ್ ಇನ್ನೂ ಬಿಗಿಯಾಗಿಯೇ ಇದೆ.